ಮೂವತ್ತೇಳೋ ನಲವತ್ತೊಂದೋ

ಮಿಸ್ ಲಿಂಡ್‌ಕ್ವಿಸ್ಟ್ ಹಾಕಿದ ಸೊನ್ನೆ ಎಷ್ಟು ದುಂಡಗಿತ್ತೆಂದರೆ, ಅದನ್ನು ಬರೆಯುವಾಗ ಆಕೆಗೆ ಖುಷಿಯಾಗಿರಲೇಬೇಕು ಎಂದು ಎಲೊಯ್ ಅರ್ಚುಲೇಟಾನಿಗೆ ಅನ್ನಿಸಿತು. ಹನ್ನೊಂದು ಪುಟದ ಪ್ರಬಂಧ. ಆರು ವಾರ ಒದ್ದಾಡಿ ಬರೆದದ್ದು. ಮೇಲುಗಡೆ ಕೆಂಪು ಸೊನ್ನೆ, ಕೆಳಗೆ ಒಂದೇ ಸಾಲು: ಕ್ಲಾಸು ಮುಗಿದ ಮೇಲೆ ನನ್ನನ್ನು ಕಾಣಿ.

ಪಕ್ಕದ ಕುರ್ಚಿಯ ಟಕರ್ ಇಣುಕಿ ನೋಡಿದ. "ಏನಯ್ಯಾ ಗುಂಡಿ ತೋಡೋನೇ, ಇದನ್ನೂ ನೀನೇ ತೋಡ್ಕೊಂಡ್ಯಾ?"

"ನಿಂಗೂ ಒಂದು ತೋಡಿಟ್ಟಿದೀನಿ. ಬಾಯಿ ಮುಚ್ಕೊಂಡು ಕೂತ್ಕೋ."

ಎಲೊಯ್ ಕೌಂಟಿಯ ಸ್ಮಶಾನದ ಆಳು. ಹುಲ್ಲು ಕೊಯ್ಯುವುದು, ಗುಂಡಿ ತೋಡುವುದು, ವಾಲಿದ ಕಲ್ಲನ್ನು ನೆಟ್ಟಗೆ ನಿಲ್ಲಿಸುವುದು ಅವನ ಕೆಲಸ. ಹತ್ತನೇ ತರಗತಿಯಲ್ಲೇ ಸ್ಕೂಲು ಬಿಟ್ಟವನು ಇಪ್ಪತ್ತಮೂರನೇ ವಯಸ್ಸಿಗೆ ಕಮ್ಯುನಿಟಿ ಕಾಲೇಜಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತದ್ದು ಚರಿತ್ರೆಯ ಮೇಲಿನ ಪ್ರೀತಿಯಿಂದಲ್ಲ. ಸ್ಮಶಾನದ ಮೇಲ್ವಿಚಾರಕ ಜೂನ್‌ನಲ್ಲಿ ನಿವೃತ್ತನಾಗುತ್ತಿದ್ದ. ಆ ಜಾಗಕ್ಕೆ ಬರುವವನಿಗೆ ಎರಡು ವರ್ಷದ ಡಿಗ್ರಿ ಇರಬೇಕೆಂದು ಕೌಂಟಿಯವರು ಹೊಸ ನಿಯಮ ತಂದಿದ್ದರು. ಏಳು ವರ್ಷ ಆ ಮಣ್ಣು ಅಗೆದವನಿಗೆ ಆ ಮಣ್ಣು ಗೊತ್ತು ಅಂತ ಒಂದು ಕಾಗದ ಹೇಳಬೇಕಂತೆ! ಉಳಿದಿದ್ದ ಕಡೆಯ ವಿಷಯ ಚರಿತ್ರೆ. ಅದರಲ್ಲಿ ಸಿ ಗ್ರೇಡ್ ಬಂದರೆ ಕೆಲಸ ಅವನದು. ಬರದಿದ್ದರೆ ಡೆನ್ವರ್‌ನಿಂದ ಬಂದ ಯಾವನೋ ಟೈ ಕಟ್ಟಿದವನ ಕೈಕೆಳಗೆ ಸಾಯುವತನಕ ಗುಂಡಿ.

ಕ್ಲಾಸು ಖಾಲಿಯಾಯಿತು. ಮಿಸ್ ಆಗಲೇ ಚೀಲ ತುಂಬುತ್ತಿದ್ದಳು. ಮೂರು ಊರಿನ ಮೂರು ಕಾಲೇಜಿನಲ್ಲಿ ಪಾಠ ಮಾಡುವವಳು. ಅವಳ ಕಾರಿನ ಹಿಂದಿನ ಸೀಟೇ ಅವಳ ಆಫೀಸು.

"ಮಿಸ್ಟರ್ ಅರ್ಚುಲೇಟಾ, ಇದನ್ನ ನೀವು ಬರೆದಿಲ್ಲ."

"ಮತ್ತ್ಯಾರು ಬರೆದ್ರು, ನಮ್ಮಜ್ಜಿನಾ?"

"ಕಂಪ್ಯೂಟರ್. ತಪಾಸಣೆಗೆ ಹಾಕಿದ್ದೆ. ತೊಂಬತ್ತೊಂದು ಪರ್ಸೆಂಟ್ ಯಂತ್ರದ ಬರಹ ಅಂತ ಬಂತು."

"ಓಹೋ. ನಾನು ಮೋಸಗಾರ ಅಂತ ಒಂದು ಯಂತ್ರ ಹೇಳ್ತು, ನೀವು ನಂಬಿದ್ರಿ. ಹಾಗಾದ್ರೆ ಸ್ವಂತ ತಲೆ ಬಳಸದೆ ಇದ್ದೋರು ಯಾರು ಮಿಸ್?"

ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. "ಎರಡನೇ ನಂಬರ್ ಗಣಿಯ ಸ್ಫೋಟದಲ್ಲಿ ಸತ್ತವರು ನಲವತ್ತೊಂದು ಅಂತ ಬರೆದಿದೀರಿ. ಎಲ್ಲ ಪುಸ್ತಕದಲ್ಲೂ ಇರೋದು ಮೂವತ್ತೇಳು. ಹೆದ್ದಾರಿ ಪಕ್ಕದ ಫಲಕದಲ್ಲೂ ಮೂವತ್ತೇಳು. ಎಲ್ಲೂ ಇಲ್ಲದ ಅಂಕಿ ಹುಟ್ಟಿಸೋದು ಆ ಯಂತ್ರಗಳ ಚಾಳಿ."

"ನಾನು ಕಲ್ಲು ಎಣಿಸಿದೀನಿ."

"ಯಾವ ಕಲ್ಲು?"

"ಗೋರಿ ಕಲ್ಲು! ಸಾವಿರದ ಒಂಬೈನೂರ ಹದಿನೇಳು, ಮಾರ್ಚ್ ಒಂಬತ್ತು ಅಂತ ಕೆತ್ತಿರೋ ಕಲ್ಲು. ಏಳು ವರ್ಷದಿಂದ ಅದರ ಸುತ್ತ ಹುಲ್ಲು ಕೊಯ್ತಿರೋನು ನಾನು, ನೀವಲ್ಲ."

"ಗುರುವಾರದ ತನಕ ಟೈಮಿದೆ. ಆಧಾರ ತನ್ನಿ. ಇಲ್ಲಾಂದ್ರೆ ನಿಮ್ಮ ಮೇಲಿನ ದೂರಿನ ಫಾರ್ಮು ಡೀನ್ ಆಫೀಸಿಗೆ ಹೋಗುತ್ತೆ. ಅದು ಹೋದ್ರೆ ಈ ಕಾಲೇಜಲ್ಲಿ ನಿಮಗೆ ಜಾಗ ಇರಲ್ಲ."

ಬುಧವಾರ ಬೆಳಿಗ್ಗೆ ಎಲೊಯ್ ಫೋನು ಹಿಡಿದು ಕಲ್ಲುಗಳ ಚಿತ್ರ ತೆಗೆಯುತ್ತ ಹೊರಟ. ಇಳಿಜಾರಿನ ಕೆಳಗೆ ಗಣಿ ಕಂಪನಿ ಹಾಕಿಸಿದ ಸಾಲು: ಹೆಸರಿರುವ ಮೂವತ್ತಮೂರು, 'ಗುರುತಿಲ್ಲ' ಎಂದು ಕೆತ್ತಿದ ನಾಲ್ಕು. ಮೇಲುಗಡೆ, ಸ್ಲೊವೇನಿಯಾದಿಂದ ಬಂದ ಗಣಿಯಾಳುಗಳು ಕಟ್ಟಿಕೊಂಡಿದ್ದ ಸಂಘದ ಜಾಗದಲ್ಲಿ, ಅದೇ ತಾರೀಖಿನ ನಾಲ್ಕು ಒಳ್ಳೆಯ ಕಲ್ಲುಗಳು. ಒಟ್ಟು ನಲವತ್ತೊಂದು. ಕಂಪನಿ ನಾಲ್ಕು ಹೆಣ ನುಂಗಿ ನೀರು ಕುಡಿಯಿತು ಎಂದು ಅವನು ಪ್ರಬಂಧದಲ್ಲಿ ಬರೆದಿದ್ದ. ಬರೆಯುವಾಗ ಹಲ್ಲು ಕಡಿದಿದ್ದ.

ಕೆಳಗಿನ ಸಾಲಿನಲ್ಲಿ ಅಲ್ಬೀನಾ ಪೆರ್ಕೊ ಬಕೆಟ್ಟು, ಬ್ರಷ್ಷು ಇಟ್ಟುಕೊಂಡು ಕೂತಿದ್ದಳು. ಎಂಬತ್ತನಾಲ್ಕರ ಮುದುಕಿ. ಪ್ರತಿ ವಸಂತದಲ್ಲೂ ಬಂದು 'ಗುರುತಿಲ್ಲ' ಕಲ್ಲುಗಳನ್ನು ತೊಳೆಯುತ್ತಾಳೆ. ಅನಾಥರಿಗೆ ಪುಣ್ಯ ಮಾಡುತ್ತಿದ್ದಾಳೆ ಎಂದು ಎಲೊಯ್ ತಾನೇ ಅಂದುಕೊಂಡಿದ್ದ, ಕೇಳಿರಲಿಲ್ಲ. ಇವತ್ತು ಒಳಗಿನ ಸಿಟ್ಟನ್ನು ಯಾರ ಮೇಲಾದರೂ ಸುರಿಯಬೇಕಿತ್ತು. ಸೊನ್ನೆ, ಮಿಸ್ಸು, ಕಂಪನಿ ನುಂಗಿದ ನಾಲ್ಕು ಹೆಣ, ಎಲ್ಲ ಹೇಳಿದ.

ಮುದುಕಿ ಬ್ರಷ್ಷು ನಿಲ್ಲಿಸಿದಳು. "ಯಾವ ನಾಲ್ಕು ಹೆಣನೋ?"

"ಮೇಲ್ಗಡೆ ಸಂಘದ ಜಾಗದಲ್ಲಿರೋದು."

"ಅಲ್ಲಿ ಎಲ್ಲಿದೆಯೋ ಹೆಣ, ಮಂಕೇ! ಅಲ್ಲಿರೋದು ನಮ್ಮಜ್ಜ ಭಾನುವಾರ ಚರ್ಚಿಗೆ ಹಾಕ್ತಿದ್ದ ಬೂಟು."

ಎಲೊಯ್ ತಿರುಗಿ ಮೇಲಿನ ಕಲ್ಲುಗಳನ್ನು ನೋಡಿದ.

"ಗಣಿ ಒಳಗೆ ನೀರು ನಿಂತಿತ್ತು. ನಾಲ್ಕು ಜನ ಸಿಗ್ಲೇ ಇಲ್ಲ. ನಮ್ಮೋರು ಸಂಘಕ್ಕೆ ತಿಂಗಳು ತಿಂಗಳು ಕಟ್ಟಿದ್ದು ಯಾತಕ್ಕೆ? ಸತ್ತಾಗ ಪೆಟ್ಟಿಗೆ, ಬ್ಯಾಂಡು, ಗುಂಡಿ, ಕಲ್ಲು. ಹೆಣ ಇಲ್ಲ ಅಂತ ಕೊಟ್ಟ ಮಾತು ತಪ್ಪಕ್ಕಾಗುತ್ತಾ? ಪೆಟ್ಟಿಗೇಲಿ ಅವರವರ ಬೂಟು, ಬಟ್ಟೆ ಇಟ್ಟು ಮೆರವಣಿಗೆ ಮಾಡಿದ್ರು. ಪೆಟ್ಟಿಗೆ ಹಗುರ ಇತ್ತಲ್ಲ, ಭಾರ ಹೊತ್ತೋರ ಥರ ನಿಧಾನ ನಡೀರೋ ಅಂತ ಪಾದ್ರಿ ಹೇಳಿದ್ನಂತೆ, ಅಜ್ಜಿ ಹೇಳೋಳು."

"ಆಮೇಲೆ?"

"ಆಮೇಲೇನು, ಬೇಸಿಗೇಲಿ ನೀರು ಹೊರಗೆ ಹಾಕಿದ್ರು, ನಾಲ್ಕೂ ಸಿಕ್ಕಿದ್ವು. ಯಾವುದು ಯಾರದು ಅಂತ ಹೆಂಡ್ತೀರಿಗೂ ಗೊತ್ತಾಗೋ ಹಾಗಿರ್ಲಿಲ್ಲ. ಕಂಪನಿಯೋರು ತಂದು ಇಲ್ಲಿ ಹಾಕಿದ್ರು." ಅವಳು ಒದ್ದೆ ಕಲ್ಲಿನ ಮೇಲೆ ಕೈಯಿಟ್ಟಳು. "ಇದ್ರಲ್ಲಿ ಯಾವುದು ನಮ್ಮಜ್ಜನೋ ಗೊತ್ತಿಲ್ಲ. ಅದಕ್ಕೆ ನಾಲ್ಕನ್ನೂ ತೊಳೀತೀನಿ."

ಎಲೊಯ್ ಹುಲ್ಲು ಕೊಯ್ಯುವ ಯಂತ್ರಕ್ಕೆ ಝಾಡಿಸಿ ಒದ್ದ. ಕಾಲು ನೊಂದಿತು. ಅದಕ್ಕೂ ಸಿಟ್ಟು ಬಂತು. ಮೂವತ್ತೇಳು! ಆ ಫಲಕ ಸರಿ, ಪುಸ್ತಕ ಸರಿ, ಆ ಮಿಸ್ಸೂ ಸರಿ!

"ಯಂತ್ರಕ್ಯಾಕೋ ಒದೀತೀಯ?" ಮುದುಕಿ ನಗುತ್ತಿದ್ದಳು, ಹಲ್ಲಿಲ್ಲದ ಕಡೆಯೆಲ್ಲ ಕಾಣುವಂತೆ. "ಈ ತಪ್ಪನ್ನ ನೀನೇ ಮಾಡ್ಬೇಕು ಕಣೋ. ಓದಿದೋರು ಯಾರೂ ಮಾಡಲ್ಲ, ಅವರು ಇಲ್ಲಿಗೆ ಬರೋದೇ ಇಲ್ಲ. ಕಲ್ಲು ಇದ್ದ ಕಡೆ ಹೆಣ ಇರುತ್ತೆ ಅಂತ ಗುಂಡಿ ತೋಡೋನು ತಾನೇ ನಂಬೋದು?"

ಅವಳು ಬ್ರಷ್ಷು ಬಕೆಟ್ಟಿಗೆ ಅದ್ದಿ ಮತ್ತೆ ತಿಕ್ಕತೊಡಗಿದಳು. ಅವನು ಫೋನು ತೆಗೆದು ಮೇಲಿನ ನಾಲ್ಕು ಕಲ್ಲುಗಳ ಚಿತ್ರವನ್ನು ಮತ್ತೆ ನೋಡಿದ. ಮುದುಕಿಯ ಮಾತು ತಲೆಯೊಳಗೆ ನಿಧಾನವಾಗಿ ಇಳಿಯುತ್ತಿತ್ತು.

ಗುರುವಾರ ಕ್ಲಾಸು ಮುಗಿದ ಕೂಡಲೇ ಅವನು ಮೇಜಿನ ಮುಂದೆ ಹೋಗಿ ನಿಂತ. ಟಕರ್ ತಮಾಷೆ ನೋಡಲು ಬಾಗಿಲಲ್ಲಿ ನಿಂತಿದ್ದ. ಮಿಸ್ ಅವನನ್ನು ಕಣ್ಣಲ್ಲೇ ಆಚೆ ಕಳಿಸಿದಳು. ಅದೊಂದು ಉಪಕಾರ ಮಾಡಿದಳು.

"ಮೂವತ್ತೇಳೇ ಸರಿ," ಎಂದ ಎಲೊಯ್. ಫೋನು ತೆಗೆದು ಮೇಜಿನ ಮೇಲಿಟ್ಟ.

"ಹಾಗಾದ್ರೆ ಒಪ್ಕೊಳ್ತಿದೀರಿ."

"ತಪ್ಪು ಅಂತ ಒಪ್ಕೊಂಡೆ. ಮೋಸ ಅಂತಲ್ಲ. ಪೂರ್ತಿ ಕೇಳಿ." ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತ ಬೂಟಿನ ಪೆಟ್ಟಿಗೆ, ಸಂಘ, ನೀರು, ಕೆಳಗಿನ ನಾಲ್ಕು ಕಲ್ಲು, ಎಲ್ಲವನ್ನೂ ಹೇಳಿದ. "ಈಗ ನೀವೇ ಹೇಳಿ ಮಿಸ್. ಪ್ರಬಂಧ ಬರೆಯೋ ಯಂತ್ರ ಪುಸ್ತಕ ಓದಿರುತ್ತೆ, ಮೂವತ್ತೇಳು ಅಂತಿತ್ತು. ಹುಟ್ಟಿಸಿ ಹೇಳಿದ್ರೆ ಐವತ್ತು ಅಂತಿತ್ತೋ ನೂರು ಅಂತಿತ್ತೋ. ಸರಿಯಾಗಿ ನಾಲ್ಕೇ ನಾಲ್ಕು ಹೆಚ್ಚಾಗ್ಬೇಕು ಅಂದ್ರೆ, ಖಾಲಿ ಗುಂಡಿ ಮೇಲಿನ ಆ ನಾಲ್ಕು ಕಲ್ಲಿನ ಸುತ್ತ ಹುಲ್ಲು ಕೊಯ್ದಿರ್ಬೇಕು. ಈ ತಪ್ಪು ನಂದು. ಇಡೀ ರಾಜ್ಯದಲ್ಲಿ ಬೇರೆ ಯಾರಿಗೂ ಮಾಡಕ್ಕಾಗಲ್ಲ."

ಅವಳು ಬಹಳ ಹೊತ್ತು ಚಿತ್ರ ನೋಡಿದಳು. ಗಡಿಯಾರ ನೋಡಿದಳು. ಆಮೇಲೆ ಒಂದು ಬಿಳಿ ಹಾಳೆ, ಒಂದು ಪೆನ್ನು ಅವನ ಕಡೆಗೆ ತಳ್ಳಿದಳು.

"ಈಗ ಹೇಳಿದ್ದನ್ನ ಬರೀರಿ. ಇಲ್ಲೇ, ನನ್ನೆದುರಿಗೆ. ಫೋನು ಮೇಜಿನ ಮೇಲಿರ್ಲಿ."

"ಕಳ್ಳನ ಥರ?"

"ಬರೀತೀರೋ ಇಲ್ವೋ?"

ಬರೆದ. ಕಾಗದ ಹರಿಯುವಷ್ಟು ಒತ್ತಿ ಬರೆದ. ಕಂಪನಿಯನ್ನು ಬೈದ, ಫಲಕವನ್ನು ಬೈದ, ತನ್ನನ್ನೂ ಒಂದು ಪ್ಯಾರಾ ಬೈದ. ನಡುವೆ ಎರಡು ಸಲ ಮಿಸ್‌ನ ಫೋನು ರಿಂಗಾಯಿತು. ಮೂರನೇ ಸಲ ಎತ್ತಿ, "ಇವತ್ತು ನಾನು ಬರಲ್ಲ, ಹುಡುಗ್ರನ್ನ ಮನೆಗೆ ಕಳಿಸಿ," ಎಂದಳು. ಎಪ್ಪತ್ತು ಮೈಲಿ ಆಚೆಯ ಕಾಲೇಜಿನ ಕ್ಲಾಸು ಇರಬೇಕು. ಎಲೊಯ್ ತಲೆ ಎತ್ತಲಿಲ್ಲ.

ಐದು ಪುಟ ಆಯಿತು. ಅವಳು ನಿಂತುಕೊಂಡೇ ಓದಿದಳು. ಹಳೆಯ ಪ್ರಬಂಧ ಎತ್ತಿಕೊಂಡು ಸೊನ್ನೆಯನ್ನು ಅಡ್ಡಗೆರೆ ಎಳೆದು ಹೊಡೆದಳು. ಪಕ್ಕದಲ್ಲಿ ಸಿ ಎಂದು ಬರೆದು ಸಹಿ ಹಾಕಿದಳು. ಡೀನ್ ಆಫೀಸಿನ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಕಸದ ಬುಟ್ಟಿಗೆ ಹಾಕಿದಳು.

"ನೀವು ತಪ್ಪಾಯ್ತು ಅಂತ ಹೇಳ್ಬೇಕು," ಎಂದ ಎಲೊಯ್.

"ಈ ಸಲ ಇಂಥ ಪ್ರಬಂಧ ಹನ್ನೆರಡು ಬಂದ್ವು. ಹನ್ನೊಂದು ಜನ ಯಂತ್ರದ ಕೈಲಿ ಬರೆಸಿದ್ದು ಅಂತ ಒಪ್ಕೊಂಡ್ರು."

"ನಾನು ಹನ್ನೆರಡನೇವ್ನು."

"ಹೌದು."

"ಅದು ತಪ್ಪಾಯ್ತು ಅಂದ ಹಾಗಾಗ್ಲಿಲ್ಲ."

"ಇಲ್ಲ, ಆಗ್ಲಿಲ್ಲ." ಅವಳು ಚೀಲ ಹೆಗಲಿಗೇರಿಸಿದಳು. "ನಿಮ್ಮಿಂದ ಇವತ್ತು ನನ್ನ ಒಂದು ಕ್ಲಾಸು ಹೋಯ್ತು."

"ಹೋಗ್ಲಿ ಬಿಡಿ," ಎಂದ. ಮೂರು ದಿನದಲ್ಲಿ ಅವನು ಮನಸಾರೆ ಆಡಿದ ಮಾತು ಅದೊಂದೇ.

ಪ್ರಬಂಧವನ್ನು ಮಡಚಿ ಜೇಬಿಗಿಟ್ಟುಕೊಂಡು ಅವಳಿಗಿಂತ ಮುಂದೆ ಹೊರಟ. ಹಿಂದೆ ಬರುವವರಿಗೆ ಬಾಗಿಲು ಹಿಡಿದು ನಿಲ್ಲಬೇಕೆಂದು ಅವನ ತಾಯಿ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಳು. ಅವನು ನಿಲ್ಲಲಿಲ್ಲ. ಬೆನ್ನ ಹಿಂದೆ ಬಾಗಿಲು ಅವಳ ಮುಖಕ್ಕೆ ಧಡ್ಡನೆ ಮುಚ್ಚಿಕೊಂಡಿತು.