ಜಗಲಿಯ ಮುಂದೆ ಕಣ್ಣು ಮುಚ್ಚಿದ ಕೆಂಚಪ್ಪ

ಓಡುವ ಕೂಸಿನ ಹಿಂದೆ ಬಡಿಗೆ ಹಿಡಿದು ಓಡುವವರನ್ನು ನಾವೆಲ್ಲ ನೋಡಿದ್ದೇವೆ. ಸುಮ್ಮನೆ ಕೂತ ಕೂಸಿನ ಕಾಲಿಗೆ ಬಿದ್ದವರನ್ನು ನೋಡಿದ್ದೀರಾ? ಸಂಕೇಶ್ವರದ ಹತ್ತಿರ, ಹಿರಣ್ಯಕೇಶಿ ಹೊಳೆಯ ದಂಡೆಯ ಒಂದು ಊರಿನಲ್ಲಿ ಅದೂ ಆಗಿಹೋಯಿತು. ನಮ್ಮ ಕಡೆ ಇನ್ನೂ ಮುಂಬೈ ಸರಕಾರ ಇದ್ದ ಕಾಲ ಅದು. ಕಾಲಿಗೆ ಬಿದ್ದವಳು ಕಾಶೆವ್ವ. ಆ ಕಾಲು ಅವಳ ಒಂಬತ್ತು ವರ್ಷದ ಮೊಮ್ಮಗ ಕೆಂಚಪ್ಪನದು.

ತಪ್ಪು ತಿಳಿಯಬೇಡಿ, ಕಾಶೆವ್ವ ದಡ್ಡ ಹೆಂಗಸಲ್ಲ. ಗಂಡ ತೀರಿದ ಮೇಲೆ ಹೊಲ, ದನ, ಮಗ ಎಲ್ಲವನ್ನೂ ಒಬ್ಬಳೇ ಸಂಭಾಳಿಸಿದವಳು. ಸಂತೆಯಲ್ಲಿ ಅವಳ ಜೊತೆ ಚೌಕಾಶಿಗೆ ಇಳಿಯಲು ಮೆಣಸಿನಕಾಯಿ ವ್ಯಾಪಾರಿಗಳೂ ಹಿಂದೆಮುಂದೆ ನೋಡುತ್ತಿದ್ದರು. ಮೊಮ್ಮಗನ ವಿಷಯಕ್ಕೆ ಬಂದರೆ ಮಾತ್ರ ಅವಳಿಗೆ ಕಣ್ಣಿದ್ದೂ ಕಾಣುತ್ತಿರಲಿಲ್ಲ.

ಕೆಂಚಪ್ಪ ಅಂಥ ಹುಡುಗ. ಹೊಲಕ್ಕೆ ಬುತ್ತಿ ಕೊಟ್ಟು ಬಾ ಎಂದು ಕಳಿಸಿದರೆ ಅರ್ಧ ದಾರಿಯಲ್ಲೇ, ಹೊಳೆಯ ದಂಡೆಯಲ್ಲಿ ನಿಂತುಬಿಡುತ್ತಿದ್ದ. ಬೆಳಗಿನ ಮಂಜು ನೀರಿನ ಮೇಲಿಂದ ಮೆಲ್ಲಗೆ ಏಳುತ್ತಿತ್ತು. ಆಚೆ ದಂಡೆಯ ಕಬ್ಬು ಕಂಡೂ ಕಾಣದ ಹಾಗೆ ತೇಲುತ್ತಿತ್ತು. ಬೆಳ್ಳಕ್ಕಿಯೊಂದು ಮಂಜಿನೊಳಗಿಂದ ಬಂದು ಮಂಜಿನೊಳಗೇ ಹೋಗುತ್ತಿತ್ತು. ನೋಡುತ್ತ ನೋಡುತ್ತ ಹುಡುಗನೂ ಅದರ ಹಿಂದೆಯೇ ಹೋಗಿಬಿಡುತ್ತಿದ್ದ. ಬುತ್ತಿ ನಾಯಿಯ ಪಾಲಾದರೂ ಅವನಿಗೆ ಖಬರಿಲ್ಲ, ಹೊಲದಲ್ಲಿ ಅಪ್ಪ ವೀರಪ್ಪ ಹಸಿದು ಕೂಗಿದರೂ ಖಬರಿಲ್ಲ.

ಶಾಲೆಯಲ್ಲೂ ಅದೇ ಕಥೆ. ಜೊತೆಯ ಹುಡುಗರು ಗಡಗಡ ಓದುತ್ತಿದ್ದರೆ ಇವನಿಗೆ ಒಂದು ಸಾಲು ಮುಗಿಸುವಷ್ಟರಲ್ಲಿ ಮೈಯೆಲ್ಲ ಬೆವರು. ನಿನ್ನೆ ಕಲಿತ ಅಕ್ಷರವೇ ಇಂದು ಯಾರೋ ಪರವೂರಿನವರ ಹಾಗೆ ಕಾಣುತ್ತಿತ್ತು. ಮಾಸ್ತರರು ಛಡಿ ಎತ್ತುವ ಮೊದಲೇ ಅಂಗೈ ಚಾಚುವುದನ್ನು ಕಲಿತಿದ್ದ. ಆದರೆ ಕಿವಿ ಮಾತ್ರ ಭಾರಿ ಚುರುಕು. ಸಂಜೆಯ ಭಜನೆಯಲ್ಲಿ ಒಮ್ಮೆ ಕೇಳಿದ ವಚನವನ್ನು ಮರುದಿನ ಒಂದು ಮಾತೂ ತಪ್ಪದೆ ಹೇಳುತ್ತಿದ್ದ. ಹೇಳಿ ಮುಗಿಸಿ ಮನೆಯೊಳಗೆ ದೇವರನ್ನಿಟ್ಟ ಜಗಲಿಯ ಮುಂದೆ ಕೂತು ಕಣ್ಣು ಮುಚ್ಚಿದನೆಂದರೆ, ಕರೆದರೂ ಓ ಅನ್ನುತ್ತಿರಲಿಲ್ಲ.

"ಅಕ್ಷರ ಬರಂಗಿಲ್ಲ, ವಚನ ಬರ್ತಾವು. ಇದು ಮನಷ್ಯಾರ ಕೆಲಸ ಅಲ್ಲ ಯವ್ವಾ. ನಮ್ಮ ಮನ್ಯಾಗ ಶರಣರು ಹುಟ್ಯಾರ," ಎಂದು ಕಾಶೆವ್ವ ಓಣಿಗೆಲ್ಲ ಹೇಳಿದಳು, ದಿನಾ ಅವನ ಕಾಲು ಮುಟ್ಟಿ ನಮಸ್ಕರಿಸತೊಡಗಿದಳು.

ಮೊದಮೊದಲು ಓಣಿಯವರು ನಕ್ಕರು. ಆಮೇಲೆ ಒಬ್ಬಳು ಜ್ವರದ ಕೂಸನ್ನು ಎತ್ತಿಕೊಂಡು ಬಂದು ಕೆಂಚಪ್ಪನ ಕೈಯಿಂದ ವಿಭೂತಿ ಹಚ್ಚಿಸಿಕೊಂಡು ಹೋದಳು. ಜ್ವರ ಇಳಿಯುವ ಹೊತ್ತಿಗೆ ಇಳಿಯಿತು. ಅಷ್ಟು ಸಾಕಾಯಿತು ನೋಡಿ. ಹುಡುಗನನ್ನು ಶಾಲೆ ಬಿಡಿಸಿ ವಿರಕ್ತಮಠಕ್ಕೆ ಮರಿಯಾಗಿ, ಅಂದರೆ ಮುಂದೆ ಸ್ವಾಮಿಯಾಗುವ ಶಿಷ್ಯನಾಗಿ, ಕೊಟ್ಟುಬಿಡುವುದೆಂದು ಕಾಶೆವ್ವ ನಿಶ್ಚಯ ಮಾಡಿದಳು. ಶ್ರಾವಣದ ಸೋಮವಾರ ಎಂದು ದಿನವೂ ಗೊತ್ತಾಯಿತು.

ಸೊಸೆ ಶಿವವ್ವ ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅತ್ತಿ, ಕೊಟ್ಟ ಮ್ಯಾಲೆ ನನ್ನ ಮಗ ಅಂತ ಅನ್ನಾಕೂ ಬರಂಗಿಲ್ಲಲ್ರಿ."

"ಜಗತ್ತಿಗೇ ಮಗ ಆಗ್ತಾನ. ನೀ ಒಬ್ಬಾಕಿ ಇಟಗೊಂಡು ಏನ್ ಮಾಡ್ತಿ?"

ವೀರಪ್ಪ ತಲೆ ಎತ್ತದೆ ಹಗ್ಗ ಹೊಸೆಯುತ್ತಿದ್ದ. ಅವ್ವ ಹಾಕಿದ ಗೆರೆ ದಾಟಿದವನಲ್ಲ ಅವನು.

ಬಾಜೂ ಮನೆಯಲ್ಲಿ ಪದ್ಮವ್ವ ಎಂಬ ಅಕ್ಕೋರು ಬಾಡಿಗೆಗಿದ್ದರು. ಗೋಕಾಕದವರು, ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಲು ಹೊಸದಾಗಿ ಬಂದವರು. ದಿನಾ ಸಂಜೆ ಮಜ್ಜಿಗೆಗೆ ಬಂದು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಮಠದ ಸುದ್ದಿ ಕೇಳಿ ಆ ದಿನ ಅವರು ಏಳಲೇ ಇಲ್ಲ.

"ಆಯಿ, ಕೆಂಚಪ್ಪಗ ಮೂರು ಕೆಲಸ ಒಮ್ಮೆಲೆ ಹೇಳಿದ್ರ ಏನ್ ಮಾಡ್ತಾನ್ರಿ?"

"ಒಂದು ಮಾಡ್ತಾನ. ಆಮ್ಯಾಲೆ ಧ್ಯಾನಕ್ಕ ಹೋಗ್ತಾನ."

"ಒಂದ ಹೇಳಿದ್ರ?"

"ಒಂದ ಹೇಳಿದ್ರ ಮಾಡೇ ಮಾಡ್ತಾನ. ಯಾಕ್ರಿ ಅಕ್ಕೋರ?"

"ಅದು ಧ್ಯಾನ ಅಲ್ರಿ. ಅವನ ಗಮನ ಜಾರ್ತೈತಿ. ನಾವು ಹತ್ತು ಸಪ್ಪಳ ಬಿಟ್ಟು ಬೇಕಾದ ಒಂದು ಮಾತು ಹಿಡ್ಕೋತೇವಿ. ಅವಗ ಅದು ಬಾಳ ತ್ರಾಸು. ಅಕ್ಷರದ್ದೂ ಬ್ಯಾರೆ ತ್ರಾಸು ಐತಿ. ಬುದ್ಧಿ ಕಡಿಮಿ ಇಲ್ಲ, ಮೈಗಳ್ಳ ಅಲ್ಲ. ನಾವು ಕಲಸೋ ರೀತಿ ಅವಗ ಹತ್ತಂಗಿಲ್ಲ, ಅಷ್ಟ."

ಕಾಶೆವ್ವ ತಂಬಾಕು ತಿಕ್ಕುತ್ತ ನಕ್ಕಳು. "ಧಾರವಾಡದ ಟ್ರೇನಿಂಗ್ ಕಾಲೇಜಿನ್ಯಾಗ ಶರಣರನ್ನ ಅಳಿಯೋ ಕೊಳಗ ಕೊಟ್ಟಾರೇನ್ರಿ ನಿಮಗ?"

ಪದ್ಮವ್ವನೂ ನಕ್ಕರು. ಆಮೇಲೆ ಮಜ್ಜಿಗೆಯ ತಂಬಿಗೆ ನೋಡುತ್ತ ಹೇಳಿದರು. "ನನ್ನ ತಮ್ಮ ಸತ್ಯಪ್ಪ ಹಿಂಗ ಇದ್ದ್ರಿ. ಅವನ್ನ ಯಾರೂ ಶರಣ ಅನ್ನಲಿಲ್ಲ, ಕೋಣ ಅಂದ್ರು. ಮನ್ಯಾಗೂ ಬಡದ್ರು, ಸಾಲ್ಯಾಗೂ ಬಡದ್ರು. ಒಂದಿನ ಮನಿ ಬಿಟ್ಟು ಹೋದ. ಇನ್ನೂ ಬಂದಿಲ್ಲ. ಟ್ರೇನಿಂಗಿನ್ಯಾಗ ಒಬ್ಬ ಗುರುಗಳು ಇಂಥಾ ಹುಡುಗರೂ ಇರ್ತಾರ, ಅವರಿಗೂ ಕಲಿಯಾಕ ಬರ್ತೈತಿ ಅಂತ ಹೇಳಿದಾಗ ನಾ ವರ್ಗದಾಗ ಕುಂತು ಅತ್ತೇನ್ರಿ."

ಕಾಶೆವ್ವನಿಗೆ ಮರುಕ ಬಂತು. ಆದರೂ ಹಟ ಬಿಡಲಿಲ್ಲ. "ನಿಮ್ಮ ತಮ್ಮನ ಮಾತು ಬ್ಯಾರೆ, ನನ್ನ ಮೊಮ್ಮಗನ ಮಾತು ಬ್ಯಾರೆ," ಎಂದು ಎದ್ದು ಒಳಗೆ ಹೋದಳು.

ಸೋಮವಾರ ಬಂತು. ಮೊಮ್ಮಗನ ಹಣೆಗೆ ವಿಭೂತಿ ಹಚ್ಚಿ, ಕೈ ಹಿಡಿದು, ಕಾಶೆವ್ವ ಮಠದ ಹಾದಿ ಹಿಡಿದಳು. ಶಿವವ್ವ ಬಾಗಿಲಿನವರೆಗೂ ಬರಲಿಲ್ಲ. ಜಿಟಿಜಿಟಿ ಮಳೆ. ಹೊಳೆ ಕೆಂಪಗೆ ತುಂಬಿ, ಸಪ್ಪಳವಿಲ್ಲದೆ, ನಿದ್ದೆಯಲ್ಲಿ ನಡೆಯುವವರ ಹಾಗೆ ಹೋಗುತ್ತಿತ್ತು. ಹುಡುಗ ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಇಂದು ಕಾಶೆವ್ವ ಅವಸರ ಮಾಡಲಿಲ್ಲ. ಅವನು ನೋಡುವ ಕಡೆ ತಾನೂ ನೋಡಿದಳು. ಅಲ್ಲಿ ನೀರು, ಮೋಡ, ಮೋಡದ ನೆರಳು ಬಿಟ್ಟರೆ ಬೇರೇನೂ ಅವಳಿಗೆ ಕಾಣಲಿಲ್ಲ. ದೇವರು ತನಗೆ ಕಾಣಿಸುವುದಿಲ್ಲ ಬಿಡು, ಈ ಕೂಸಿಗೆ ಕಾಣುತ್ತಾನಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಮಠದ ಸ್ವಾಮಿಗಳಾದ ಅಜ್ಜಾರು ಪಡಸಾಲೆಯಲ್ಲಿ ಕೂತು ಬಿಲ್ವಪತ್ರೆ ಆರಿಸುತ್ತಿದ್ದರು. ಕಾಶೆವ್ವ ಅಡ್ಡಬಿದ್ದು ಎಲ್ಲವನ್ನೂ ಹೇಳಿದಳು. ಅಜ್ಜಾರು ಹುಡುಗನನ್ನು ಹತ್ತಿರ ಕೂರಿಸಿಕೊಂಡರು.

"ಕಣ್ಣು ಮುಚ್ಚಿದಾಗ ಏನ್ ಕಾಣ್ತೈತೋ ತಮ್ಮಾ?"

ಬೆಳಕು ಅನ್ನುತ್ತಾನೆ, ಇಲ್ಲವೆ ಲಿಂಗ ಅನ್ನುತ್ತಾನೆ ಎಂದು ಕಾಶೆವ್ವ ಕೈ ಮುಗಿದೇ ಕೂತಿದ್ದಳು.

"ಬೆಳ್ಳಕ್ಕಿ ಕಾಣ್ತೈತ್ರಿ," ಎಂದ ಕೆಂಚಪ್ಪ. "ಅದರ ಹಿಂದ ಹೊಕ್ಕೇನಿ. ಆಮ್ಯಾಲೆ ಮೋಡ ಬರ್ತೈತಿ. ಮೋಡದಾಗ ಎತ್ತು ಇರ್ತಾವು, ಗಂಟಿ ಸಪ್ಪಳ ಕೇಳ್ತೈತಿ. ಅಷ್ಟರಾಗ ಯಾರೋ ಕರದಿರ್ತಾರಂತ, ನನಗ ಕೇಳ್ಸಿರಂಗಿಲ್ರಿ."

"ಚಲೋ ಊರಿಗೇ ಹೋಗಿರ್ತಿ ಬಿಡು," ಎಂದು ಅಜ್ಜಾರು ನಕ್ಕರು. "ಮತ್ತ ಜಗಲಿ ಮುಂದ ಯಾಕ ಕುಂಡ್ರತಿ?"

ಹುಡುಗ ಅಜ್ಜಿಯ ಮುಖ ನೋಡಿದ. ಆಮೇಲೆ ನೆಲ ನೋಡಿದ.

"ಸಾಲ್ಯಾಗ ಹಂಗ ಆದ್ರ ಬಡೀತಾರ್ರಿ. ಹೊಲದಾಗ ಹಂಗ ಆದ್ರ ಅಪ್ಪ ಬೈತಾನ. ಜಗಲಿ ಮುಂದ ಹಂಗ ಆದ್ರ ಆಯಿ ಯಾರಿಗೂ ಮುಟ್ಟಾಕ ಬಿಡಂಗಿಲ್ಲ. ಅದಕ ಅಲ್ಲೇ ಕುಂಡ್ರತೇನ್ರಿ." ಮತ್ತೆ ತಾನೇ ಕೇಳಿದ. "ಅಜ್ಜಾರ, ಮಠದಾಗ ಓದಾಕ ಬರಲಿಲ್ಲಂದ್ರ ಬಡೀತಾರೇನ್ರಿ?"

ಪತ್ರೆ ಆರಿಸುವ ಕೈ ನಿಂತಿತು. ಅಜ್ಜಾರು ಹುಡುಗನ ತಲೆಯ ಮೇಲೆ ಕೈಯಿಟ್ಟು, ಮಾತನ್ನು ಮಾತ್ರ ಕಾಶೆವ್ವನಿಗೆ ಹೇಳಿದರು.

"ಯವ್ವಾ, ಇಂವ ದೇವರನ್ನ ಹುಡುಕ್ಕೋತ ಬಂದಿಲ್ಲ. ಪೆಟ್ಟು ತಪ್ಪಿಸ್ಕೊಳ್ಳಾಕ ಬಂದಾನ. ಅಂಜಿ ಬಂದ ಕೂಸಿಗೆ ಕಾವಿ ಹೊದಿಸಿದ್ರ ನನಗ ಪಾಪ ಬರ್ತೈತಿ. ಮನಿಗೆ ಕರಕೊಂಡು ಹೋಗು. ಇವಗ ಕಲಸಾಕ ಬಲ್ಲವರು ಯಾರರ ಇದ್ರ ಅವರನ್ನ ಕೇಳು."

ಕಾಶೆವ್ವನಿಗೆ ಮಠದಿಂದ ಹೊರಗೆ ಬಂದದ್ದೇ ತಿಳಿಯಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಇಷ್ಟು ದಿನ ತಾನು ಕಾಲು ಮುಟ್ಟಿ ನಮಸ್ಕರಿಸಿದ್ದು ಒಂದು ಅಂಜಿದ ಕೂಸಿಗೆ. ಭಕ್ತಿ ಅಂದುಕೊಂಡದ್ದೆಲ್ಲ ಅಂಜಿಕೆಯೇ ಆಗಿತ್ತು. ಹೊಳೆಯ ದಂಡೆಯ ಬೇವಿನ ಗಿಡದ ಕೆಳಗೆ ಕೂತು ಮೊಮ್ಮಗನನ್ನು ತೊಡೆಯ ಮೇಲೆ ಎಳೆದುಕೊಂಡಳು.

"ನನ್ನ ಮುಂದ ಯಾಕ ಹೇಳಲಿಲ್ಲೋ, ನನ್ನಪ್ಪಾ?"

"ನೀ ಕೇಳಲಿಲ್ಲಲ್ಲ ಆಯಿ," ಎಂದ ಕೆಂಚಪ್ಪ. ಅವನ ಕಣ್ಣು ಆಗಲೇ ನೀರಿನ ಮೇಲೆ ಹೋಗಿತ್ತು. ಕಾಶೆವ್ವ ಅತ್ತಳು, ಮಳೆಯಲ್ಲಿ ಅವನಿಗೆ ಗೊತ್ತಾಗದ ಹಾಗೆ.

ಅಂದು ಸಂಜೆ ಮಜ್ಜಿಗೆಯನ್ನು ಅವಳೇ ಒಯ್ದು ಪದ್ಮವ್ವನ ಬಾಗಿಲಲ್ಲಿ ನಿಂತಳು. "ಅಕ್ಕೋರ, ಕೊಳಗ ನಿಮ್ಮದ ಖರೆ ಇತ್ತು. ಏನ್ ಮಾಡ್ಬೇಕು ಹೇಳ್ರಿ."

ಪದ್ಮವ್ವ ಹೇಳಿದ್ದರಲ್ಲಿ ಮಾಟ ಮಂತ್ರ ಏನೂ ಇರಲಿಲ್ಲ. ಅವರು ಹೇಳಿದಂತೆ ಮನೆಯವರು ಮೊದಲು ಸಂಕೇಶ್ವರದ ಡಾಕ್ಟರರಿಗೆ ಹುಡುಗನ ಕಣ್ಣು ಕಿವಿ ತೋರಿಸಿದರು. ಎರಡೂ ನೆಟ್ಟಗಿದ್ದವು. ಇನ್ನು ಮನೆಯಲ್ಲಿ ಕೆಲಸ ಹೇಳುವಾಗ ಹತ್ತಿರ ಹೋಗಿ, ಭುಜ ಮುಟ್ಟಿ, ಅವನು ಮುಖ ನೋಡಿದ ಮೇಲೆ ಒಂದೇ ಮಾತು ಹೇಳಬೇಕು. ಅದು ಮುಗಿದ ಮೇಲೆ ಇನ್ನೊಂದು. ಹಿತ್ತಲಲ್ಲಿ ಹೊಳೆಯ ಮರಳು ಹರವಿ, ಬೆರಳಿನಿಂದ ದೊಡ್ಡದಾಗಿ ಅಕ್ಷರ ತೀಡಿಸಬೇಕು, ತೀಡುತ್ತ ಬಾಯಿಂದ ಹೇಳಿಸಬೇಕು. ಬೇಸರ ಬರುವ ಮೊದಲೇ ಬಿಟ್ಟು, ಒಂದು ಸುತ್ತು ಓಡಿ ಬಾ ಅನ್ನಬೇಕು. ಪಾಠವನ್ನು ಓದಿ ಕೇಳಿಸಬೇಕು, ಕಿವಿ ಚುರುಕಿದೆಯಲ್ಲ.

"ಅವ್ವಾ, ಬಡೀದ ಕಲಿತಾನಂತೇನ ಅಂವ?" ಎಂದು ವೀರಪ್ಪ ಗೊಣಗಿದ.

"ಇಷ್ಟು ದಿನ ಸಾಲ್ಯಾಗ ಬಡದಾರಲ್ಲ, ಏನ್ ಕಲಿತ?" ಎಂದಳು ಕಾಶೆವ್ವ. ಮರುದಿನ ಮಗನನ್ನೇ ಮುಂದೆ ಮಾಡಿಕೊಂಡು ಶಾಲೆಗೆ ಹೋದಳು. ಪದ್ಮವ್ವನೂ ಜೊತೆಗೆ ಬಂದು ಮಾಸ್ತರರಿಗೆ ತಿಳಿಸಿ ಹೇಳಿದರು. ಮಾಸ್ತರರು ಮೊದಲು ಮುಖ ಗಂಟಿಕ್ಕಿದರು. ಆಮೇಲೆ ಕೆಂಚಪ್ಪನನ್ನು ಕಿಟಕಿಯ ಹತ್ತಿರದಿಂದ ಎಬ್ಬಿಸಿ ತಮ್ಮ ಮುಂದೆ ಕೂರಿಸಿಕೊಂಡರು, ಛಡಿಯನ್ನು ಗೋಡೆಯ ಗೂಡಿನಲ್ಲಿ ಇಟ್ಟರು.

ಕೆಂಚಪ್ಪ ಮುಂದೆ ಮಾಮಲೇದಾರನಂಥ ದೊಡ್ಡ ಸಾಹೇಬನಾದನೇ ಎಂದು ಕೇಳಬೇಡಿ. ಆಗಲಿಲ್ಲ. ಓದು ಅವನಿಗೆ ಕಡೆತನಕ ನಿಧಾನವೇ. ಮಾತಿನ ನಡುವೆ ಎಲ್ಲಿಗೋ ಹೋಗಿ ಬರುವುದೂ ಪೂರ್ತಿ ಬಿಡಲಿಲ್ಲ. ಆದರೆ ಮರುವರ್ಷದ ಒಂದು ಸಂಜೆ ಅವನು ಅಜ್ಜಿಯ ಪಕ್ಕದಲ್ಲಿ ಕೂತು, ಸಾಲಿನ ಕೆಳಗೆ ಬೆರಳಿಟ್ಟು, ತಡೆದು ತಡೆದು ಒಂದು ಪುಟ ಓದಿದ. ನಾಲ್ಕು ಕಡೆ ತಪ್ಪಿದ. ತಪ್ಪಿದಾಗ ಅಂಗೈ ಚಾಚಲಿಲ್ಲ. ಒಲೆಯ ಮುಂದೆ ಶಿವವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

ತಾಯಂದಿರೇ, ಅಣ್ಣಂದಿರೇ, ಆಗ ಇದಕ್ಕೆ ನಮ್ಮ ಊರುಗಳಲ್ಲಿ ಹೆಸರೂ ಇರಲಿಲ್ಲ. ಈಗ ಇದೆ. ಕಲಿಕೆಯ ತೊಂದರೆ, ಗಮನದ ತೊಂದರೆ ಎನ್ನುತ್ತಾರೆ. ಇದು ಶಾಪವಲ್ಲ, ಗಾಳಿಯಲ್ಲ, ಸೋಮಾರಿತನವಲ್ಲ, ಹೆತ್ತವರ ತಪ್ಪೂ ಅಲ್ಲ. ನಿಮ್ಮ ಮಗು ಓದಲು ಬಹಳ ಕಷ್ಟಪಡುತ್ತಿದ್ದರೆ, ಹೇಳಿದ್ದನ್ನು ಪದೇ ಪದೇ ಮರೆಯುತ್ತಿದ್ದರೆ, ಒಂದು ಕಡೆ ಮನಸ್ಸು ನಿಲ್ಲದಿದ್ದರೆ, ಬಡಿಯಬೇಡಿ, ಬೇರೆ ಮಕ್ಕಳಿಗೆ ಹೋಲಿಸಬೇಡಿ, ಶಾಲೆ ಬಿಡಿಸಬೇಡಿ. ಶಾಲೆಯ ಶಿಕ್ಷಕರ ಜೊತೆ ಮಾತಾಡಿ. ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿ. ಬೇಗ ತೋರಿಸಿದಷ್ಟೂ ಒಳ್ಳೆಯದು.

ಅದಕ್ಕೂ ಮೊದಲು ಇವತ್ತೇ ಒಂದು ಕೆಲಸ ಮಾಡಿ. ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು, "ಸಾಲ್ಯಾಗ ನಿನಗ ಏನ್ ತ್ರಾಸ ಆಗ್ತೈತಿ?" ಎಂದು ಕೇಳಿ. ಕೇಳಿದ ಮೇಲೆ, ಅದು ಹೇಳಿ ಮುಗಿಸುವವರೆಗೂ, ನೀವು ಸುಮ್ಮನಿರಿ.