ಪರದೆ ಪಕ್ಕದಿಂದ ಹೇಳಿದ ಮಾತು

ತಂಡಕ್ಕೆಲ್ಲ ಅವಳು ಅಕ್ಕ. ರಂಗದ ಎಡಬದಿಯ ಪರದೆ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ಮಾತು ಮರೆತ ನಟರಿಗೆ ಮೆಲ್ಲಗೆ ಹೇಳಿಕೊಡುವ ಪ್ರಾಂಪ್ಟರ್. ಇಪ್ಪತ್ತಾರು ವರ್ಷದಲ್ಲಿ ಅವಳಿಗೆ ಒಂದು ಚಪ್ಪಾಳೆಯೂ ಬಿದ್ದಿಲ್ಲ, ಬೀಳಲೂಬಾರದು. ಅವಳ ದನಿ ಮುಂದಿನ ಸಾಲಿಗೆ ಕೇಳಿಸಿತೆಂದರೆ ಮಾನ ಹೋದಂತೆ. ಚಪ್ಪಾಳೆಯೆಲ್ಲ ಮುಖ್ಯಪಾತ್ರ ಮಾಡುವ ಅವಳ ಒಡಹುಟ್ಟಿದ ತಮ್ಮನಿಗೆ.

ಈ ತಮ್ಮನಿಗೊಂದು ಖಯಾಲಿ. ಮಾತಿನ ನಡುವೆ ಥಟ್ಟನೆ ನಿಂತು, ಜನ ಉಸಿರು ಬಿಗಿಹಿಡಿದ ಮೇಲೆ ಮುಂದುವರಿಯುತ್ತಿದ್ದ. ಅಂಥ ಮೌನವಿದ್ದಲ್ಲೆಲ್ಲ ಅಕ್ಕ ಪುಸ್ತಕದಲ್ಲಿ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದಳು. ಅಲ್ಲಿ ಅವಳು ಬಾಯಿ ಬಿಟ್ಟರೆ ವಾರವಿಡೀ ಮುಖ ಊದಿಸಿಕೊಳ್ಳುತ್ತಿದ್ದ. ಈ ವರ್ಷ ಅವನು ಎಲ್ಲೆಂದರಲ್ಲಿ ನಿಲ್ಲತೊಡಗಿದ. ಅಭಿನಯ ಮಾಗುತ್ತಿದೆ ಎಂದು ಹಿಗ್ಗಿ ಅಕ್ಕ ಹೊಸ ಹೊಸ ಗೆರೆ ಎಳೆದಳು. ಮೌನ ಯಾವುದು, ಮರೆವು ಯಾವುದು ಎಂದು ತಿಳಿಯದಷ್ಟು ಕುರುಡು ಪ್ರೀತಿ ಅವಳದು.

ನಿರ್ದೇಶಕನಿಗೆ ಮಾತ್ರ ಅನುಮಾನ ಬಂತು. ಭಾನುವಾರ ಮಧ್ಯಾಹ್ನದ ಆಟ ಮುಗಿದ ಕೂಡಲೇ ಅವನಿಗೆ ಮಾತು ನೆನಪಿರುತ್ತದೋ ಇಲ್ಲವೋ ನಿಜ ಹೇಳಬೇಕು, ಅವನಿಂದ ಆಗದಿದ್ದರೆ ಪಾತ್ರ ಬೇರೆಯವರಿಗೆ ಎಂದು ಅಕ್ಕನಿಗೆ ಕಡ್ಡಿ ಮುರಿದಂತೆ ಹೇಳಿದ.

ಎರಡನೇ ಅಂಕ. ತಂದೆಯ ಪಾತ್ರದಲ್ಲಿದ್ದ ತಮ್ಮ ಮಗಳ ಕೈ ಹಿಡಿದು ಸುಮ್ಮನಾದ. ಅಲ್ಲಿ ಗೆರೆಯಿತ್ತು, ಅಕ್ಕ ಐದು ಎಣಿಸಿದಳು. ಹತ್ತಾಯಿತು. ಅವನ ಕಣ್ಣು ಪರದೆಯತ್ತ ತಿರುಗಿತು. ಚಿಕ್ಕಂದಿನಲ್ಲಿ ಶಾಲೆಯ ಗೇಟಿನ ಬಳಿ, ಕರೆದೊಯ್ಯಲು ಅವಳು ತಡ ಮಾಡಿದಾಗ ಹೀಗೇ ನೋಡುತ್ತಿದ್ದ. ಅಕ್ಕ ಒಂದು ಪದ ಕೊಟ್ಟಳು. ಅದನ್ನಷ್ಟೇ ಹೇಳಿ ನಿಂತ. ಇನ್ನೊಂದು ಕೊಟ್ಟಳು. ಪರದೆ ಬೀಳುವವರೆಗೂ ಒಂದೊಂದು ಮಾತನ್ನೂ ತುತ್ತು ಮಾಡಿ ಬಾಯಿಗಿಟ್ಟಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಗ್ರೀನ್‌ರೂಮಿನಲ್ಲಿ ತಮ್ಮ ಕನ್ನಡಿ ಮುಂದೆ ಕೂತು ಬಣ್ಣ ಒರೆಸಿಕೊಳ್ಳುತ್ತಿದ್ದ. ನಿರ್ದೇಶಕ ಬಾಗಿಲಲ್ಲಿ ಬಂದು ನಿಂತು ಅಕ್ಕನ ಮುಖ ನೋಡಿದ.

"ನೋಡಿದ್ಯಾ ಅಕ್ಕಾ, ಇವತ್ತು ನಿನಗೆ ಕೆಲಸಾನೇ ಇರ್ಲಿಲ್ಲ," ಎಂದ ತಮ್ಮ.

ಹೂಂ ಎಂದುಬಿಡಬಹುದಿತ್ತು. ಮುಂದಿನ ವಾರವೂ ಹೀಗೇ ಸಾಗಿಸಬಹುದಿತ್ತು. ಆದರೆ ಒಂದು ದಿನ ಅವಳು ಕೊಟ್ಟ ಮಾತೂ ಕಿವಿಗೆ ಹೋಗದೆ, ಅಷ್ಟು ಜನರೆದುರು ಅವನು ನಗೆಪಾಟಲಾದರೆ?

"ಎರಡನೇ ಅಂಕ ಪೂರ್ತಿ ನಾನೇ ಹೇಳ್ಕೊಟ್ಟೆ ಕಣೋ."

ತಮಾಷೆಯೆಂದುಕೊಂಡು ಅವನು ನಕ್ಕ. ನಿರ್ದೇಶಕ ನಗಲಿಲ್ಲ. ಬಟ್ಟೆ ಹಿಡಿದ ತಮ್ಮನ ಕೈ ಕೆನ್ನೆಯ ಮೇಲೇ ನಿಂತಿತು. ಅವನು ಅಕ್ಕನತ್ತ ತಿರುಗಿದ.

"ಎರಡನೇ ಅಂಕದಲ್ಲಿ ಏನಿದೆ ಅಕ್ಕಾ?" ಎಂದು ಮೆಲ್ಲಗೆ ಕೇಳಿದ.