ಬಾನಿಯಿಂದ ಎತ್ತಿದ ಲಡಿ

ಉಣ್ಣೆ ಬಿಸಿನೀರಿಗೆ ಬಿದ್ದ ಕೂಡಲೇ ಮತ್ತೆ ಕುರಿಯಾಯಿತು — ಒಣಗಿದ್ದಾಗ ಇಲ್ಲದ ವಾಸನೆ, ಜಿಡ್ಡಿನದು, ಹಿಕ್ಕೆಯದು, ಅಡವಿಯ ಹುಲ್ಲಿನದು, ಆವಿಯ ಜೊತೆ ಎದ್ದು ಮೂಗಿಗೆ ಬಡಿಯಿತು, ಹೊಳೆವ್ವ ಮುಖ ತಿರುಗಿಸಲಿಲ್ಲ, ಇನ್ನಷ್ಟು ಬಾಗಿದಳು, ಅಂಟವಾಳದ ನೊರೆ ಮೊಣಕೈವರೆಗೆ, ಹಿಂಡಬಾರದು, ಒತ್ತಿ ಬಿಡಬೇಕು, ಒತ್ತಿ ಬಿಡಬೇಕು, ಹಿಂಡಿದರೆ ಗಂಟುಬಿದ್ದು ಕಂಬಳಿಯ ಚೂರಾಗಿಬಿಡುತ್ತದೆ, ಕೂಸಿನ ನೆತ್ತಿ ತೊಳದಂಗ ತೊಳೀಬೇಕವ್ವಾ ಅಂತ ಹುಚ್ಚವ್ವ ಹೇಳಿದ್ದು, ಕುರುಬರ ಓಣಿಯ ಮುದುಕಿ ಹುಚ್ಚವ್ವ, ತೊಡೆಯ ಮೇಲೆ ಕದಿರು ಉಜ್ಜಿ ಉಜ್ಜಿ ಆ ಜಾಗದ ಚರ್ಮ ಹಿತ್ತಾಳೆಯ ಹಾಗೆ ಹೊಳೆಯುತ್ತದೆ, ಅವಳ ಎದುರು ಕೂತು ಕಲಿತದ್ದು, ತಲೆ ನರೆಯುವ ವಯಸ್ಸಿನಲ್ಲಿ ನೂಲಲು ಕಲಿಯುವುದೆಂದರೆ, ಎಡಗೈಯಲ್ಲಿ ಉಣ್ಣೆ, ಬಲಗೈಯಲ್ಲಿ ಕದಿರು, ಎಳೆ ಬಂತು ಬಂತು ಅನ್ನುವಾಗ ಪಟ್ಟನೆ ಹರಿದು ಕದಿರು ನೆಲಕ್ಕೆ, ಹುಚ್ಚವ್ವ ಬೊಚ್ಚುಬಾಯಿ ತೆರೆದು ನಗುತ್ತಾಳೆ, ಏ ಹೊಳೆವ್ವಾ, ನಿನ್ನ ನೂಲು ನೋಡಿದರ ಹಾವು ಇಲಿ ನುಂಗಿ ಮಲಗಿದಂಗ ಕಾಣತೈತಲ್ಲ, ದಪ್ಪ, ಸಣ್ಣ, ಮತ್ತೆ ದಪ್ಪ, ಇದೇ ಕೈ ಸೂಜಿ ಹಿಡಿದರೆ ಎಷ್ಟು ಸಮ ಹೆಣಿಕೆ ಹಾಕುತ್ತದೆ, ಗಜೇಂದ್ರಗಡದಲ್ಲಿ ಮಗ್ಗದ ಸದ್ದಿಲ್ಲದ ಓಣಿಯಿಲ್ಲ, ಆದರೆ ಎರಡು ಸೂಜಿ ಹಿಡಿದು ಹೆಣೆಯುವವಳು ಇವಳೊಬ್ಬಳೇ, ಕಲಿಸಿದವಳು ಸಕ್ಕೂಬಾಯಿ, ಸರಕಾರಿ ದವಾಖಾನೆಯ ನರ್ಸ್, ಗಂಡ ತೀರಿಕೊಂಡ ವರ್ಷ ಜ್ವರ ಬಿಡದೆ ಹೊಳೆವ್ವ ಅಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗ, ಬಂದು ಕೈಗೆ ಸೂಜಿ ಕೊಟ್ಟು, ಅಳೂದು ಅಳು, ಕೈ ಖಾಲಿ ಇಟಗೊಂಡು ಅಳಬ್ಯಾಡ, ಅಂದಳು, ಆ ಮಾತಿಗೆ ಸಿಟ್ಟು ಬಂದಿತ್ತು, ಸಿಟ್ಟಿನಲ್ಲೇ ಮೊದಲ ಸಾಲು ಹೆಣೆದದ್ದು — ಎಕ್ಕಾ, ಎಂದು ಒಳಗಿನಿಂದ ಗುಡ್ಡವ್ವ, ಮೈದುನ ಹನಮಪ್ಪನ ಹೆಂಡತಿ, ಹಿತ್ತಲ ತುಂಬ ಕುರಿ ಹಿಂಡು ನಿಂತಂಗ ನಾರಾಕ ಹತ್ತೈತಿ, ನಿನ್ನ ಮೈದುನ ಮೂಗ ಹಿಡಕೊಂಡ ಹೊಲಕ್ಕ ಹೋದ ನೋಡು. ಅವಗ ಮೂಗ ಐತಿ ಅಂತ ಇವತ್ತರ ಗೊತ್ತಾತಲ್ಲ ತಗೊ, ಅಂದಳು ಹೊಳೆವ್ವ, ಒಳಗೆ ಗುಡ್ಡವ್ವ ಕಿಸಕ್ಕನೆ ನಕ್ಕಳು, ಪಾತ್ರೆ ಬಿತ್ತು, ಒಳ್ಳೆಯವಳೇ ಗುಡ್ಡವ್ವ, ಅವಳ ಮಕ್ಕಳು ದೊಡ್ಡವ್ವಾ ದೊಡ್ಡವ್ವಾ ಅಂತ ಸೆರಗು ಜಗ್ಗುತ್ತವೆ, ಅದೂ ಒಂದು ಹಗ್ಗವೇ, ಆದರೆ ಸಕ್ಕೂಬಾಯಿಯ ಹತ್ತಿರ ಹೋಗಬೇಡ ಅಂತ ಈ ಮನೆಯಲ್ಲಿ ಯಾರೂ ಅಂದಿಲ್ಲ, ಹನಮಪ್ಪ ಎತ್ತಿನ ಕೊರಳು ತುರಿಸುತ್ತಾ, ನಿನ್ನ ಮನಸ್ಸ ಎವ್ವಾ, ನರಗುಂದ ಏನು ಪರದೇಶೇನು, ಅಂದ, ಅಷ್ಟೇ, ಬೇಡ ಅಂದಿದ್ದರೆ ಹಟ ಹಿಡಿದಾದರೂ ಹೋಗಿಬಿಡುತ್ತಿದ್ದಳೋ ಏನೋ. ಸಕ್ಕೂಬಾಯಿಗೆ ನರಗುಂದಕ್ಕೆ ವರ್ಗವಾಗಿ ಎಷ್ಟು ಕಾಲವಾಯಿತು, ಎರಡು ಸುಗ್ಗಿ ಕಳೆದವು, ಈ ಬೇಸಿಗೆಯಲ್ಲಿ ಅಲ್ಲಿಂದ ಕಾಗದ, ಹೊಳೆವ್ವಾ, ಇಲ್ಲಿ ಹೆಣ್ಣಮಕ್ಕಳಿಗೆ ಹೆಣಿಕಿ ಕಲಿಸಾಕ ಒಬ್ಬಾಕಿ ಬೇಕಾಗ್ಯಾಳ, ನನ್ನ ಖೋಲಿ ದೊಡ್ಡದೈತಿ, ಕಿಡಕಿ ತೆಗದರ ನಿಮ್ಮೂರ ಗುಡ್ಡದಂಥಾದ್ದ ಗುಡ್ಡ ಕಾಣತೈತಿ, ಬಂದಬಿಡು, ಮಳಿಗಾಲ ಮುಗದ ಮ್ಯಾಲ ನನಗ ಮತ್ತ ವರ್ಗ ಆಗೂ ಸುದ್ದಿ ಐತಿ, ನೀ ಬರತೀ ಅಂದ್ರ ಇಲ್ಲೇ ಇಡ್ರಿ ಅಂತ ಕೇಳಕೋತೀನಿ, ಇಲ್ಲಂದ್ರ ಎತ್ತ ಒಗಿತಾರೋ ಅತ್ತ ಹೊಕ್ಕೀನಿ. ಬೇರೆಯವರ ಬಾಯಿಂದ ಓದಿಸಲಿಲ್ಲ ಅದನ್ನು, ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ, ಬೆರಳಿಟ್ಟು ಬೆರಳಿಟ್ಟು ತಾನೇ ಓದಿದಳು, ಬಂದಬಿಡು ಅನ್ನುವಲ್ಲಿ ಬೆರಳು ನಿಂತಿತು, ಮುಂದಕ್ಕೆ ಸರಿಯಲೊಲ್ಲದು. ಉತ್ತರವನ್ನೂ ತಾನೇ ಬರೆದಳು, ಬಾಯೀರ, ನಾ ಬರತೀನಿ, ಇದರ ಬೆನ್ನಿಗೆ ನಿಮ್ಮ ಶಾಲು ಕಳಿಸತೀನಿ, ಹೊಳೆವ್ವ. ಬರೆದು ಲಕೋಟೆಯೊಳಗಿಟ್ಟು ಮಡಚಿದ್ದೂ ಆಯಿತು, ಆದರೆ ಶಾಲು ಎಲ್ಲಿದೆ, ಹೊಳೆಪಾಲಾದದ್ದರ ಬದಲಿಗೆ ಹೆಣೆದು ಕೊಡುತ್ತೇನೆಂದ ಶಾಲು, ಶಾಲಿಲ್ಲದೆ ಕಾಗದ ಹೋಗುವುದು ಹೇಗೆ, ಈಗ ಉತ್ತರಿ ಮುಗಿದು ಹಸ್ತದ ಮಳೆ ಹಿಡಿದಿದೆ, ಮಳೆಗಾಲವೆನ್ನುವುದು ಇನ್ನು ನಾಲ್ಕು ಹನಿ, ಉಣ್ಣೆ ಎತ್ತಿ ಬುಟ್ಟಿಗೆ ಹಾಕಿದಳು, ನೀರು ಎಮ್ಮೆ ಎದ್ದುಹೋದ ಹೊಂಡದ ಬಣ್ಣ.

ಸೆರಗಿನಲ್ಲಿ ಒಂದು ಬಿಳಿ ಲಡಿ, ಮೊದಲೇ ನೂತು ಸುತ್ತಿ ಕಟ್ಟಿದ್ದು, ಸೆರಗಿನ ಮಡಿಕೆಯೊಳಗೆ ಲಕೋಟೆ, ಹೀಗೇ ಪ್ರತಿಸಲ, ಬಣ್ಣ ಕೂಡಿಬಂದರೆ ಬರುವ ದಾರಿಯಲ್ಲೇ ಟಪಾಲಿಗೆ ಹಾಕಿ ಶಾಲು ಬೆನ್ನಿಗೇ ಹೆಣೆದು ಕಳಿಸಿಬಿಡುವುದು ಅಂತ, ಪ್ರತಿಸಲವೂ ಲಕೋಟೆ ಮನೆಗೆ ತಿರುಗಿ ಬಂದು ಈಗ ಅರಿವೆಯ ಹಾಗೆ ಮೆತ್ತಗಾಗಿದೆ, ಊರ ಅಗಸೆಬಾಗಿಲು ದಾಟಿದರೆ ನೀಲಗಾರ ಮದರಸಾಬನ ಮನೆ, ನೇಕಾರರ ಹತ್ತಿನೂಲಿಗೆಲ್ಲ ಬಣ್ಣ ಹಾಕುವವನು, ಇವಳ ಉಣ್ಣೆ ನೋಡಿದರೆ ಹಣೆ ಚಚ್ಚಿಕೊಳ್ಳುತ್ತಾನೆ, ಮೊದಲ ಸಲ ಒಯ್ದಾಗ ಎಂಥ ಮಾನಗೇಡು, ಹುಚ್ಚವ್ವ ಕಂಬಳಿ ನೂಲಿಗೆ ಹುಣಸೆಬೀಜದ ಗಂಜಿ ಕೊಡುವವಳು, ಹುಟ್ಟಿದಾಗಿಂದ ಕೊಟ್ಟವಳು, ಇವಳ ಲಡಿಗೂ ಕೊಟ್ಟುಬಿಟ್ಟಿದ್ದಳು, ಇವಳಿಗೇನು ಗೊತ್ತು, ನೂಲಿಗೆ ಗಂಜಿ ಇರುವುದೇ ಪದ್ಧತಿ ಅಂದುಕೊಂಡಳು, ಬಣ್ಣದ ಬಾನಿಯಲ್ಲಿ ಅದ್ದಿದರೆ ಗಂಜಿ ಕೂತಲ್ಲಿ ಬಣ್ಣವಿಲ್ಲ, ಗಂಜಿ ಬಿಟ್ಟಲ್ಲಿ ಕಡುನೀಲಿ, ಬಂಡಗುದುರೆಯ ಮೈ, ಮದರಸಾಬ ಅದನ್ನೆತ್ತಿ ಹಿಡಿದು, ಯಾರವ್ವಾ ಇದಕ್ಕ ಗಂಜಿ ಕುಡಿಸಿದವರು, ಜ್ವರಾ ಬಂದಿತ್ತೇನು ಇದಕ್ಕ, ಅಂತ ಓಣಿಗೆ ಕೇಳುವ ಹಾಗೆ ನಕ್ಕ, ಆ ಲಡಿಯನ್ನೂ ಒಗೆಯಲಿಲ್ಲ ಇವಳು, ಗಂಡನ ತಗಡಿನ ಪೆಟ್ಟಿಗೆಯಲ್ಲಿದೆ, ಬೇವಿನ ಸೊಪ್ಪಿನ ನಡುವೆ, ಅದರ ಮೇಲೆ ದಾಳಿಂಬೆ ಸಿಪ್ಪೆಯ ಹಳದಿ, ಕಬ್ಬಿಣ ಬೆಲ್ಲ ಕೊಳೆಸಿದ ಕರಿ, ಮಂಜಿಷ್ಠದ ಕೆಂಪು, ಹಳದಿಯ ಮೇಲೆ ನೀಲಿ ಹಾಯಿಸಿದ ಗಿಳಿಹಸಿರು, ಒಂದಕ್ಕೆ ಹುಚ್ಚವ್ವನ ವಸಡು ಅಂತ ಹೆಸರಿಟ್ಟಿದ್ದಾಳೆ, ಒಂದಕ್ಕೆ ಹನಮಪ್ಪನ ರುಮಾಲು, ಮಧ್ಯಾಹ್ನ ಯಾರೂ ಇಲ್ಲದಾಗ ತೆಗೆದು ತೊಡೆಯ ಮೇಲೆ ಹರಡಿ ಕೆನ್ನೆಗೆ ಒತ್ತಿಕೊಂಡು ಮತ್ತೆ ಒಳಗಿಡುತ್ತಾಳೆ, ಒಂದನ್ನೂ ಸೂಜಿಗೆ ಏರಿಸಿಲ್ಲ, ಯಾಕೆಂದರೆ ಯಾವುದೂ ಅದಲ್ಲ, ಆ ಶಾಲಿನ ಬಣ್ಣವಲ್ಲ, ಹಸಿರೂ ಅಲ್ಲ ನೀಲಿಯೂ ಅಲ್ಲ, ಎರಡರ ನಡುವೆ ಎಲ್ಲೋ, ಹೊಳೆಯ ಮೇಲೆ ಹರಡಿಕೊಂಡಾಗ — ನೆರೆಯ ವರ್ಷ, ಕೊಣ್ಣೂರಿನ ಸೇತುವೆ ಮುಳುಗಿ ಆಚೆ ದಂಡೆಯ ಹಳ್ಳಿಗಳಲ್ಲಿ ಕಾಲರಾ, ಸೂಜಿಮದ್ದು ಹಾಕಲು ಸಕ್ಕೂಬಾಯಿ ಹೋಗಲೇಬೇಕು, ನೀ ಮೆಣಸಗಿಯಾಕಿ, ಹೊಳಿ ದಂಡಿಮ್ಯಾಲ ಹುಟ್ಟಿದಾಕಿ, ಹೆಸರೂ ಹೊಳೆವ್ವ, ನಡಿ ನನ್ನ ಕೂಡ, ನನಗ ನೀರ ಕಂಡ್ರ ಎದಿ ಝಲ್ಲಂತೈತಿ, ಅಂದಳು, ಹರಗೋಲಿನಲ್ಲಿ ಅಂಬಿಗ ಯಮನೂರಪ್ಪ, ಮದ್ದಿನ ಪೆಟ್ಟಿಗೆ, ಇವರಿಬ್ಬರು, ಸಕ್ಕೂಬಾಯಿಯ ಹೆಗಲ ಮೇಲೆ ಆ ಶಾಲು, ಅವಳ ಅವ್ವ ಸಾಯುವ ಮೊದಲು ಹೆಣೆದದ್ದು, ನಡುಹೊಳೆಯಲ್ಲಿ ಗಾಳಿ ಬಂತು, ಅಷ್ಟೇ, ಶಾಲು ಎದ್ದು ನೀರಿನ ಮೇಲೆ ಹರಡಿ ಒದ್ದೆಯಾಗುತ್ತಾ ಹೊರಟಿತು, ಕೆಂಪು ನೀರಿನ ಮೇಲೆ ಆ ಬಣ್ಣ, ಹೊಳೆವ್ವ ಮೊಣಕಾಲ ಮೇಲೆ ಎದ್ದು ಕೈ ಚಾಚಿದಳು, ಹರಗೋಲು ವಾಲಿತು, ಏ ತಂಗೀ ಕುಂದ್ರ, ಅರಿವಿ ಸಲುವಾಗಿ ಎಲ್ಲಾರನ್ನೂ ಗಂಗವ್ವಗ ಕೊಡತೀ ಏನ, ಯಮನೂರಪ್ಪ ಕೂಗಿದ, ಸಕ್ಕೂಬಾಯಿಯ ಕೈ ಇವಳ ಮಣಿಕಟ್ಟು ಹಿಡಿದದ್ದು, ಬಿಗಿಯಾಗಿ, ಬಳೆ ಮಾಂಸಕ್ಕೆ ಊರುವಷ್ಟು. ದಂಡೆ ಮುಟ್ಟಿದ ಮೇಲೆ, ಹೋಗಲಿ ಬಿಡು, ಅಂದಳು, ಇವಳು ಬಿಡಲಿಲ್ಲ, ಅಂಥಾದ್ದ ಒಂದು ಹೆಣದು ಕೊಡತೀನ್ರಿ ಬಾಯೀರ, ನಾನ ನೂತು ನಾನ ಹೆಣದು, ಸಕ್ಕೂಬಾಯಿ ತಲೆಯಾಡಿಸಿ ಮದ್ದಿನ ಪೆಟ್ಟಿಗೆ ಎತ್ತಿಕೊಂಡಳು.

ಬಂದೀಯೇನವ್ವಾ, ಮದರಸಾಬ ಕಟ್ಟೆಯ ಮೇಲೆ ಬೋರಲು ಮಲಗಿದ್ದಾನೆ, ಟೊಂಕ ಹಿಡಿದಿದೆ, ಹೆಂಡತಿ ರಾಜಮಾ ಬಿಸಿ ಇಟ್ಟಿಗೆ ಅರಿವೆಯಲ್ಲಿ ಸುತ್ತಿ ಶಾಖ ಕೊಡುತ್ತಿದ್ದಾಳೆ, ನಿನ್ನ ಬಣ್ಣ ಅಲ್ಲಾನ ಹತ್ರಾನೂ ಇರಲಿಕ್ಕಿಲ್ಲ, ಅವಾ ನನಗ ಟೊಂಕನೋವು ಕೊಟ್ಟ, ಅಂದ ಮದರಸಾಬ. ಬಡಬಡಿಸಬ್ಯಾಡ್ರಿ, ಅಂದಳು ರಾಜಮಾ, ಏ ಹೊಳೆವ್ವಾ, ಇವರು ಏಳೂದಿಲ್ಲ, ನಿನ್ನ ಲಡಿ ನೀನ ಅದ್ದು, ಬಾ ಒಳಗ. ಒಳಗೆ, ಬಾನಿಯ ಕೋಣೆಗೆ, ಇಷ್ಟು ವರ್ಷ ಹೊಸಿಲು ದಾಟಿಸಿರಲಿಲ್ಲ, ಹೊರಗಿನವರ ನೆರಳು ಬಿದ್ದರೆ ಬಾನಿ ಮುನಿಸಿಕೊಳ್ಳುತ್ತದೆ ಅನ್ನುವ ಜನ, ಲಡಿ ಕೊಟ್ಟು ಹೋಗುವುದು, ಮರುದಿನ ಒಣಗಿದ್ದು ಒಯ್ಯುವುದು, ಹೊಳೆವ್ವ ಕೇಳಿದಳು, ಬಾನಿ ಮುನಸ್ಕೊಂಡ್ರ, ಹೊರಗಿನಿಂದ ಮದರಸಾಬ, ಮುನಸ್ಕೊಳ್ಳಲಿ ತಗೊ, ನಿನ್ನ ಲಡಿ ಕಂಡು ಅದೂ ಹಣ್ಣಾಗೈತಿ, ಎಂದ. ನೆಲದಲ್ಲಿ ಹುಗಿದ ಮಣ್ಣಿನ ಹರವಿ, ಅದೇ ಬಾನಿ, ಮೇಲೆ ತಾಮ್ರದ ಬಣ್ಣದ ನೊರೆ, ಗೋಮೂತ್ರದಂಥ ಘಾಟು, ನೊರೆ ಸರಿಸು, ಮೆಲ್ಲಕ ಇಳಿಸು, ಗುಳ್ಳಿ ಏಳಬಾರದು, ಉಣ್ಣಿ ಭಾಳ ಹೊತ್ತು ಇಡಬ್ಯಾಡ, ಸುಣ್ಣ ತಿಂತೈತಿ, ರಾಜಮಾ ಹಿಂದೆ ನಿಂತು ಹೇಳುತ್ತಾಳೆ, ಕೈ ಒಳಗಿಳಿಯಿತು, ಬೆಚ್ಚಗಿದೆ, ಜಾರುಜಾರು, ಏನೂ ಕಾಣದು, ಬೆರಳ ನಡುವೆ ಲಡಿ ಉಸಿರಾಡಿದ ಹಾಗೆ, ಸಾಕು ಎತ್ತು ಅಂದಳು, ಎತ್ತಿದಳು — ಅದೇ. ಅದೇ ಬಣ್ಣ. ಹಸಿರಲ್ಲ ನೀಲಿಯಲ್ಲ, ಹೊಳೆಯ ಮೇಲೆ ಹೋದದ್ದು, ಒದ್ದೆಯಾಗಿ ತೊಟ್ಟಿಕ್ಕುತ್ತಾ ತನ್ನ ಕೈಯಲ್ಲಿ, ಇದಽ, ಇದಽ ನೋಡ ರಾಜಮಾ, ಎಂದು ಕೂಗುವಷ್ಟರಲ್ಲಿ ಅಂಚಿನಿಂದ ಏನೋ ಹತ್ತಿತು, ನೆರಳು ಸರಿದ ಹಾಗೆ, ಎಳೆಯಿಂದ ಎಳೆಗೆ ನೀಲಿ ಏರುತ್ತಾ ಬಂತು, ಹಸಿರು ನಡುವಿನ ಗಂಟಿನಲ್ಲಿ ಒಂದು ಕ್ಷಣ ಅಡಗಿ ಕೂತು ಅಲ್ಲಿಂದಲೂ ಹೋಯಿತು, ಕೈಯಲ್ಲಿ ನೀಲಿ ಲಡಿ, ಎಲ್ಲರ ಸೀರೆಯ ನೀಲಿ. ಇದ್ಯಾಕ ಹಿಂಗ, ನಿಲ್ಲಿಸು ಇದನ್ನ, ಅಂದಳು, ರಾಜಮಾ ನಗಲಿಲ್ಲ, ಆ ಹಸರು ಬಾನಿಯೊಳಗಷ್ಟ ಇರತೈತೆವ್ವಾ, ಗಾಳಿಗೆ ಬಂತಂದ್ರ ಮುಗೀತು, ಅದನ್ನ ಹಿಡದಿಟ್ಟವರು ನಮ್ಮ ಮಂದ್ಯಾಗ ಯಾರೂ ಇಲ್ಲ, ಹಿಡೀಬೇಕಂತ ಕುಂತವರೂ ಇಲ್ಲ, ಅದೂ ಉಣ್ಣಿಮ್ಯಾಲ, ಅಂದಳು, ಹಗ್ಗಕ್ಕೆ ಹಾಕು, ಒಣಗಲಿ. ಹಗ್ಗಕ್ಕೆ ಹಾಕಿ ಅದರ ಕೆಳಗೇ ಕೂತಳು, ನೀರು ತೊಟ್ಟಿಕ್ಕಿತು, ಹಾಗಾದರೆ ಇಷ್ಟು ದಿನ, ಕುರುಬರ ಓಣಿ, ಕದಿರು, ಹರಿದ ಎಳೆಗಳು, ಪೆಟ್ಟಿಗೆಯ ತುಂಬ ಲಡಿ, ಒಂದು ಬಣ್ಣ ಬಂದ ಮೇಲೆ, ಬಂದ ಮೇಲೆ ಅನ್ನುತ್ತಾ, ಅದು ನಿಲ್ಲುವ ಬಣ್ಣವೇ ಅಲ್ಲ, ಶಾಲು ಸಕ್ಕೂಬಾಯಿಯ ಹೆಗಲ ಮೇಲೆ ಒಣಗಿ ಇದ್ದಾಗ ಯಾವ ಬಣ್ಣವಿತ್ತು, ನೆನಪಿಲ್ಲ, ಖರೇ ನೆನಪಿಲ್ಲ, ದಿನಾ ನೋಡಿದ್ದು, ಒಂದು ದಿನವೂ ನೋಡಿರಲಿಲ್ಲ, ನೆನಪಿರುವುದು ಒದ್ದೆಯಾಗಿ ಹೋದದ್ದು ಮಾತ್ರ, ಹೋಗುವುದರ ಬಣ್ಣ, ಮತ್ತೆ ನರಗುಂದದಲ್ಲಿ ಖೋಲಿಯ ಕಿಡಕಿ, ಗುಡ್ಡ, ಇವತ್ತೋ ನಾಳೆಯೋ ಸಕ್ಕೂಬಾಯಿಯ ಟ್ರಂಕು ಗಾಡಿಗೆ ಏರಿಸುತ್ತಾರೆ, ಎತ್ತ ಒಗಿತಾರೋ ಅತ್ತ — ಹೊಳೆವ್ವ ಎದ್ದಳು.

ಏ ನಿನ್ನ ಲಡೀ, ರಾಜಮಾ ಬೆನ್ನ ಹಿಂದೆ ಕೂಗುತ್ತಾಳೆ, ಇರಲಿ, ನಿಮ್ಮ ಹಗ್ಗಕ್ಕ ಇರಲಿ, ಕಾಲು ಓಡುತ್ತಿವೆ, ಇಷ್ಟು ವಯಸ್ಸಿನ ಕಾಲು, ಬಸ್‌ಸ್ಟ್ಯಾಂಡಿನಲ್ಲಿ ರೋಣದ ಗಾಡಿ ಗುರುಗುಟ್ಟುತ್ತಿದೆ, ಟಪಾಲಿನ ಚೀಲ ಇದರಲ್ಲೇ ಹೋಗುತ್ತದೆ, ಲಗೂ, ಟಪಾಲು ಕಚೇರಿಯ ಕಟಕಟೆಯಲ್ಲಿ ಪೋಸ್ಟಮಾಸ್ತರ, ಇವಳ ನೀಲಿ ಕೈ ನೋಡಿ, ಅಲ್ಲವ್ವಾ, ಎಲೆಕ್ಷನ್ನು ಮುಗದು ಇಷ್ಟ ದಿನ ಆತು, ನಿನ್ನ ಬೆರಳಿನ ಮಸಿ ಇನ್ನೂ ಹೋಗಿಲ್ಲೇನು, ಮೊಣಕೈತನಕ ಓಟು ಹಾಕಿ ಬಂದೀಯೇನು, ಅಂದ, ನಗಲಿ, ಮಾಸ್ತರ, ನಿಮ್ಮ ಟಾಕು ಒಂಚೂರು ಕೊಡ್ರಿ, ಪೆನ್ನು ಇಸಿದುಕೊಂಡು ಲಕೋಟೆಯಿಂದ ಕಾಗದ ತೆಗೆದಳು, ಇದರ ಬೆನ್ನಿಗೆ ನಿಮ್ಮ ಶಾಲು ಕಳಿಸತೀನಿ, ಎಷ್ಟು ದುಂಡಗೆ ಬರೆದಿದ್ದಳು ಅದನ್ನು, ಎಲ್ಲಕ್ಕಿಂತ ದುಂಡಗೆ, ಆ ಸಾಲಿನ ಮೇಲೆ ಗೆರೆ ಎಳೆದಳು, ಇನ್ನೊಮ್ಮೆ ಎಳೆದಳು, ಹೆಬ್ಬೆರಳಿನ ನೀಲಿ ಕಾಗದಕ್ಕೆ ಹತ್ತಿತು, ಉಳಿದದ್ದು ಬಾಯೀರ, ನಾ ಬರತೀನಿ, ಹೊಳೆವ್ವ, ಇಷ್ಟೇ, ಇಷ್ಟಕ್ಕೆ ಇಷ್ಟು ದಿನ, ನಾಲಗೆಯಿಂದ ಅಂಟಿಸಿದಳು, ಬಾಯಿಗೆಲ್ಲ ಬಾನಿಯ ಘಾಟು, ಚೀಲ ಕಟ್ಟಾಕ ಹತ್ತೇನಿ, ಇಲ್ಲೇ ಕೊಡು, ಎಂದು ಮಾಸ್ತರ ಕೈ ಚಾಚಿದ, ಕೊಡಬೇಕು, ಬೆರಳು ಬಿಡಲೊಲ್ಲವು, ಎವ್ವಾ, ಬಿಡು, ಹರೀತೈತಿ, ಬಿಟ್ಟಳು, ಲಕೋಟೆ ಚೀಲದೊಳಗೆ ಬಿತ್ತು, ಮಾಸ್ತರ ಅದರ ಬಾಯಿ ಕಟ್ಟಿದ, ಹುಡುಕಿದರೂ ಇನ್ನು ಸಿಗದು, ಗಾಡಿ ಹಾರ್ನು ಹಾಕಿತು, ಕೈ ಖಾಲಿ, ಮಣಿಕಟ್ಟಿನ ಹತ್ತಿರ ಏನೋ ಬಿಗಿದ ಹಾಗೆ, ಮತ್ತೆ ಅದೇ ನಡುಹೊಳೆ, ಶಾಲು ನೀರಿನ ಮೇಲೆ ಹೊರಟಿದೆ, ಯಮನೂರಪ್ಪ ಅದನ್ನೇ ನೋಡುತ್ತಿದ್ದಾನೆ, ತಾನೂ ಅದನ್ನೇ, ಇಷ್ಟು ವರ್ಷ ಅದನ್ನೇ, ಹರಗೋಲು ಮೆಲ್ಲಗೆ ತಿರುಗುತ್ತದೆ, ಸಕ್ಕೂಬಾಯಿ ಮಾತ್ರ — ಸಕ್ಕೂಬಾಯಿ ಹೊಳೆಯ ಕಡೆ ನೋಡುತ್ತಲೇ ಇಲ್ಲ, ತನ್ನ ಅವ್ವನ ಶಾಲಿಗೆ ಬೆನ್ನು ಮಾಡಿ ಕೂತಿದ್ದಾಳೆ, ಮಣಿಕಟ್ಟು ಹಿಡಿದಿದ್ದಾಳೆ, ಇವಳ ಮುಖ ನೋಡುತ್ತಿದ್ದಾಳೆ, ಶಾಲಲ್ಲ, ಇವಳ ಮುಖ —